ಅಣ್ಣನಿಗೆ ಕಡ್ಡಾಯ, ತಂಗಿಗೆ ನಿಷಿದ್ಧ

ಶಾಲಾ ಪಠ್ಯಕ್ರಮ ಮತ್ತು ಪರೀಕ್ಷಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗನಿಗೆ ಉನ್ನತ ಗಣಿತ ಬೇಡವಾಗಿತ್ತು. ತಾವು ಅದನ್ನು ಹೈಸ್ಕೂಲಿನ ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಿದಿರಿ. ಅವನು ಮುಗ್ಗರಿಸಿ ಬಿದ್ದು, ಇವತ್ತಿಗೂ ಪ್ರಮಾಣಪತ್ರವಿಲ್ಲದೆ ಓಡಾಡುತ್ತಿದ್ದಾನೆ. ನನ್ನ ಮಗಳಿಗೆ ಅದೇ ಗಣಿತ ಬೇಕು. ಈಗ ತಾವು ಆದೇಶವನ್ನು ಮಗುಚಿ ಹಾಕಿ ‘ಅರ್ಹರಿಗೆ ಮಾತ್ರ’ ಎಂದಿದ್ದೀರಿ. ಅವಳನ್ನು ತರಗತಿಯಿಂದ ಎಬ್ಬಿಸಿ ಹೊರಗೆ ಕೂರಿಸಲಾಗಿದೆ. ಅದೇ ಶಾಲೆ, ಅದೇ ಮನೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು. ಒಬ್ಬನನ್ನು ಕುತ್ತಿಗೆ ಹಿಡಿದು ಒಳಗೆ ತಳ್ಳಿದಿರಿ, ಇನ್ನೊಬ್ಬಳನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬಿದಿರಿ. ಕುತ್ತಿಗೆ ಹಿಡಿಯುವುದೊಂದು ಮಾತ್ರ ತಮ್ಮ ಎರಡೂ ಆದೇಶಗಳಲ್ಲಿ ಬದಲಾಗಿಲ್ಲ.

ಇದನ್ನು ಮೊದಲು ಖಾಸಗಿಯಾಗಿಯೇ ಬರೆದೆ. ‘ತಮ್ಮ ಮನವಿ ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಪರಿಶೀಲನೆ ಎಂಬುದು ತಮ್ಮ ಕಚೇರಿಯಲ್ಲಿ ಕಾಗದಗಳು ನಿದ್ದೆ ಮಾಡುವ ಕೋಣೆಯ ಹೆಸರು ಎಂದು ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಆದ್ದರಿಂದ ಈಗ ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ.

ನಾನು ಯಾರು ಎಂಬುದನ್ನು ಹೇಳಿಬಿಡುತ್ತೇನೆ. ಬಸ್ ಡಿಪೋದ ಎದುರಿನ ಸಾಲಿನಲ್ಲಿ ಎರಡು ಕುರ್ಚಿಗಳ ಕ್ಷೌರದಂಗಡಿ ನನ್ನದು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಬರುತ್ತಾರೆ. ಮಕ್ಕಳ ಅಪ್ಪ ಲಾರಿ ಓಡಿಸುತ್ತಾರೆ. ಮನೆಗಿಂತ ರಸ್ತೆಯ ಮೇಲೆ ಹೆಚ್ಚು ಇರುತ್ತಾರೆ. ನಾನು ಓದಿದ್ದು ಹೈಸ್ಕೂಲಿನವರೆಗೆ. ಹಾಗಾಗಿ ತಮಗೆ ಶಿಕ್ಷಣತತ್ವ ಬೋಧಿಸುವ ಧೈರ್ಯ ನನಗಿಲ್ಲ. ಆದರೆ ತಮ್ಮ ತತ್ವಗಳು ಬಂದು ಇಳಿದದ್ದು ನನ್ನ ಮನೆಯ ಅಡುಗೆಕೋಣೆಯಲ್ಲಿ. ಅಲ್ಲಿ ಏನಾಯಿತು ಎಂದು ಹೇಳಲು ನನಗಿಂತ ಅರ್ಹರು ಯಾರಿದ್ದಾರೆ?

ಮಗನಿಂದ ಶುರು ಮಾಡುತ್ತೇನೆ. ಮನೆಯಲ್ಲಿ ನಾವು ಅವನನ್ನು ದೊಡ್ಡೋನು ಎನ್ನುತ್ತೇವೆ. ಅವನಿಗೆ ಚಿಕ್ಕಂದಿನಿಂದ ಒಂದೇ ಆಸೆ, ಆಂಬ್ಯುಲೆನ್ಸಿನಲ್ಲಿ ಕೆಲಸ ಮಾಡಬೇಕು. ಓಡಿಸುವುದಲ್ಲ, ಹಿಂದೆ ರೋಗಿಯ ಪಕ್ಕ ಕೂರುವುದು. ಅವನ ಅಜ್ಜಿಯನ್ನು ಆಸ್ಪತ್ರೆಗೆ ಒಯ್ದಾಗ ಪಕ್ಕದಲ್ಲಿ ಕೂತಿದ್ದ ಸಹಾಯಕ ದಾರಿಯುದ್ದಕ್ಕೂ ಆಕೆಯ ಕೈ ಹಿಡಿದು ಮಾತಾಡಿಸುತ್ತಲೇ ಇದ್ದನಂತೆ. ಅದು ಇವನ ತಲೆಯೊಳಗೆ ಕೂತುಬಿಟ್ಟಿತು. ಆ ತರಬೇತಿಗೆ ಸೇರಲು ಹೈಸ್ಕೂಲು ಪಾಸಾಗಿದ್ದರೆ ಸಾಕು. ಉಳಿದೆಲ್ಲ ವಿಷಯದಲ್ಲಿ ಪಾಸಾಗುವ ಹುಡುಗ ಅವನು. ಅಷ್ಟರಲ್ಲಿ ತಮ್ಮ ಮೊದಲನೆಯ ಆದೇಶ ಬಂತು. ‘ನಾಳಿನ ಜಗತ್ತಿಗೆ ಇಂದೇ ಸಜ್ಜು’ ಎಂದು ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರು. ಉನ್ನತ ಗಣಿತದಲ್ಲಿ ಪಾಸಾಗದವನಿಗೆ ಪ್ರಮಾಣಪತ್ರವೇ ಇಲ್ಲ ಎಂದಾಯಿತು.

ಒಂದು ಸಲ ನಪಾಸಾದ. ಎರಡನೆಯ ಸಲದ ಪರೀಕ್ಷೆಯ ಬೆಳಿಗ್ಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊಸಿಲ ಹತ್ತಿರ ಕೂತ. ನಾನು ತಿಂಡಿ ಕಟ್ಟಿ ಹೊರಗೆ ಬಂದರೂ ಕೂತೇ ಇದ್ದ.

“ಹೊತ್ತಾಯ್ತು, ಏಳೋ,” ಅಂದೆ.

“ಅಮ್ಮ, ಶೂ ಹೋಗ್ತಿಲ್ಲ,” ಅಂದ.

ನೋಡಿದರೆ ದಿನವೂ ಹಾಕುವ ಶೂ. ಅವನ ಕಾಲು ನೆಟ್ಟಗೆ ಮರದ ಕೊರಡಿನ ಹಾಗೆ ಬಿಗಿದುಕೊಂಡಿತ್ತು. ನಾನು ನೆಲದ ಮೇಲೆ ಕೂತು, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಪುಟ್ಟ ಮಗುವಿಗೆ ತೊಡಿಸುವಂತೆ ತೊಡಿಸಿ ಕಳಿಸಿದೆ. ಮೀಸೆ ಚಿಗುರಿದ ಹುಡುಗ. ಅವನು ಪರೀಕ್ಷಾ ಕೊಠಡಿಯಲ್ಲಿ ತನ್ನ ನೋಂದಣಿ ಸಂಖ್ಯೆ ಬರೆದು, ಪೆನ್ನಿನ ಮುಚ್ಚಳ ಹಾಕಿ, ಗಂಟೆ ಹೊಡೆಯುವವರೆಗೂ ಕಿಟಕಿ ನೋಡುತ್ತ ಕೂತಿದ್ದನಂತೆ. ಮೂರನೆಯ ಸಲ ಕಟ್ಟು ಎಂದು ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಈಗ ಆಕ್ಸಿಜನ್ ಸಿಲಿಂಡರುಗಳನ್ನು ಆಸ್ಪತ್ರೆಗಳಿಗೆ ಇಳಿಸುವ ಕೆಲಸದಲ್ಲಿದ್ದಾನೆ. ಹಿಂಬಾಗಿಲಿಂದ ಹೋಗಿ ಹಿಂಬಾಗಿಲಿಂದ ಬರುತ್ತಾನೆ. ಆಂಬ್ಯುಲೆನ್ಸುಗಳು ನಿಲ್ಲುವುದು ಮುಂಬಾಗಿಲಲ್ಲಿ.

ಮಾನ್ಯರೇ, ಪ್ರಾಣ ಹೋಗುತ್ತಿರುವವರ ಕೈ ಹಿಡಿದು ಮಾತಾಡಿಸುವ ಕೆಲಸಕ್ಕೆ ಲಾಗರಿದಮ್ ಏಕೆ ಬೇಕು ಎಂದು ಆಗ ಊರೆಲ್ಲ ಕೇಳಿತು. ನಮ್ಮಂಥ ಮನೆಗಳು ಸಾವಿರಗಟ್ಟಲೆ ಇದ್ದವು. ಫಲಿತಾಂಶ ಕುಸಿಯಿತು, ಪತ್ರಿಕೆಗಳಲ್ಲಿ ಬಂತು, ತಮ್ಮ ಕಚೇರಿಯ ಎದುರು ಜನ ಸೇರಿದರು. ತಪ್ಪಾಯಿತು ಎಂದು ತಾವು ಹೇಳುವಿರೆಂದು ಕಾದೆವು. ತಾವು ಹೇಳಿದ್ದು ‘ನೀತಿಯ ಮರುಹೊಂದಾಣಿಕೆ’ ಎಂದು. ಉನ್ನತ ಗಣಿತ ಇನ್ನು ಮುಂದೆ ಅರ್ಹರಿಗೆ ಮಾತ್ರ. ಅರ್ಹರು ಯಾರೆಂದು ಶಾಲೆ ತೀರ್ಮಾನಿಸಲಿ. ಆದರೆ ಆ ವಿಷಯದಲ್ಲಿ ನಪಾಸಾಗುವ ಪ್ರತಿ ಮಗುವಿನ ಲೆಕ್ಕ ಶಾಲೆಯ ತಲೆಯ ಮೇಲೆ. ಹೊಸದಾಗಿ ಗಣಿತ ಕಲಿತವರ ಹಾಗೆ ತಾವು ಚಿಹ್ನೆ ಬದಲಿಸಿದಿರಿ, ಮೊತ್ತ ಹಾಗೇ ಉಳಿಯಿತು. ನಪಾಸಾದ ಹಳೆಯ ಮಕ್ಕಳ ಗತಿ ಏನು ಎಂಬುದಕ್ಕೆ ಮಾತ್ರ ಆ ಆದೇಶದಲ್ಲಿ ಒಂದು ಸಾಲೂ ಇರಲಿಲ್ಲ.

ಈಗ ಮಗಳ ಸರದಿ. ಚಿಕ್ಕವಳು ಅಣ್ಣನ ಹಾಗಲ್ಲ. ಅವಳಿಗೆ ಗಣಿತ ಇಷ್ಟ. ಇಷ್ಟ ಎಂದೆ, ಬರುತ್ತದೆ ಎನ್ನಲಿಲ್ಲ; ಇದನ್ನು ದಯವಿಟ್ಟು ಗಮನಿಸಿ, ಏಕೆಂದರೆ ನನ್ನ ಮಗಳು ಮೇಧಾವಿ, ಅವಳ ಪ್ರತಿಭೆ ಮಣ್ಣುಪಾಲಾಗುತ್ತಿದೆ ಎಂಬ ಕಥೆ ಇದಲ್ಲ. ಅವಳು ನಿಧಾನ. ಉಳಿದವರು ಮುಗಿಸಿ ಮನೆಗೆ ಹೋದ ಮೇಲೆ ಅವಳಿಗೆ ಪ್ರಶ್ನೆ ಅರ್ಥವಾಗುತ್ತದೆ. ಅಂಗಡಿಯಲ್ಲಿ ಬಿಸಿನೀರಿನ ಹಬೆಗೆ ಕನ್ನಡಿ ಮಸುಕಾದರೆ ಸಾಕು, ಬೆರಳಲ್ಲಿ ಅದರ ಮೇಲೆ ಏನೋ ಗೆರೆ ಎಳೆಯುತ್ತಾಳೆ.

“ಅಮ್ಮ, ಇಲ್ನೋಡು. ಈ ಗೆರೆ ಆ ಗೆರೆ ಹತ್ರ ಹೋಗ್ತಾನೇ ಇರುತ್ತೆ, ಹೋಗ್ತಾನೇ ಇರುತ್ತೆ, ಯಾವತ್ತೂ ಮುಟ್ಟಲ್ಲ.”

“ಪಾಪ, ಯಾಕಂತೆ?”

“ಅದೇ ಮಜಾ ಕಣಮ್ಮ.”

“ನಿನ್ನ ಉತ್ತರ ಸರಿ ಬಂತಾ?”

“ಇಲ್ಲ. ಆದ್ರೆ ದಾರಿ ಚೆನ್ನಾಗಿತ್ತು.”

ಅವಳ ಅಪ್ಪನಿಗೆ ಇದೊಂದು ತಮಾಷೆ. “ಇವಳಿಗೆ ಯಾಕೆ ಈ ಉಸಾಬರಿ? ಗೆರೆ ಮುಟ್ಟಿದ್ರೇನು, ಬಿಟ್ರೇನು? ಅಷ್ಟೊಂದು ಗಣಿತ ಗೊತ್ತಿಲ್ಲ ಅಂತ ಯಾರೂ ನಂಗೆ ಲಾರಿ ಕೊಡದೇ ಇರ್ಲಿಲ್ಲ,” ಎಂದರು ಒಮ್ಮೆ ಊಟಕ್ಕೆ ಕೂತಾಗ. ಅವಳು ಅಪ್ಪನ ಮುಖ ನೋಡಿ, “ಅಪ್ಪ, ನಿಂಗೆ ರಸ್ತೆ ಇಷ್ಟ ಅಲ್ವಾ? ಹಾಗೇ,” ಎಂದಳು. ಅವರು ತಮ್ಮ ತಟ್ಟೆಯ ಹಪ್ಪಳ ತೆಗೆದು ಅವಳ ತಟ್ಟೆಗಿಟ್ಟರು.

ಮೊದಲ ಕಿರುಪರೀಕ್ಷೆಯಲ್ಲಿ ಅವಳಿಗೆ ಪಾಸಿನ ಅಂಚಿಗಿಂತ ಕೊಂಚ ಕಡಿಮೆ ಬಂತು. ಆ ವಾರವೇ ಶಾಲೆಯ ಮುಖ್ಯೋಪಾಧ್ಯಾಯಿನಿ ತಲೆಗೆ ಬಣ್ಣ ಹಾಕಿಸಿಕೊಳ್ಳಲು ನನ್ನ ಅಂಗಡಿಗೆ ಬಂದರು. ಅವರು ನನ್ನ ಹಳೆಯ ಗಿರಾಕಿ. ಕೂದಲಿಗೆ ಬಣ್ಣ ಹಚ್ಚಿ, ಅದು ಹಿಡಿಯುವವರೆಗೂ ಏಳುವಂತಿಲ್ಲ ಎಂಬ ಸ್ಥಿತಿಯಲ್ಲಿ ಅವರು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ವಿಷಯ ತೆಗೆದರು.

“ನಿಮ್ಮ ಮಗಳು ಒಳ್ಳೆ ಹುಡುಗಿ. ಅದಕ್ಕೇ ಹೇಳ್ತಿದೀನಿ. ಸಾಮಾನ್ಯ ಗಣಿತಕ್ಕೆ ಹಾಕಿಬಿಡಿ.”

“ಅವಳಿಗೆ ಇದೇ ಇಷ್ಟ ಮೇಡಂ.”

“ಇಷ್ಟ ಇದ್ರೆ ಸಾಕಾ? ಬರಬೇಕಲ್ವಾ?”

“ಬರದೇ ಇರೋದನ್ನ ಕಲಿಸೋಕೆ ತಾನೇ ಶಾಲೆ ಇರೋದು?”

ಅವರು ನಿಟ್ಟುಸಿರು ಬಿಟ್ಟರು. “ನೋಡಿ, ನಾನೂ ಹಾಗೇ ಅಂದ್ಕೊಂಡು ಈ ಕೆಲಸಕ್ಕೆ ಬಂದವಳು. ಈಗ ಮಂಡಳಿ ನೋಡೋದು ಶೇಕಡಾವಾರು. ಉನ್ನತ ಗಣಿತದಲ್ಲಿ ನಪಾಸು ಜಾಸ್ತಿ ಆದ್ರೆ ಶಾಲೆಯ ದರ್ಜೆ ಇಳಿಯುತ್ತೆ, ಶಿಕ್ಷಕರ ಹುದ್ದೆ ಹೋಗುತ್ತೆ. ನಾನು ಅಂಚಿನಲ್ಲಿರೋ ಮಕ್ಕಳನ್ನ ಇಟ್ಕೊಳ್ಳೋಕಾಗಲ್ಲ.”

ಅವರ ತಲೆ ನನ್ನ ಕೈಯಲ್ಲಿತ್ತು. ನನ್ನ ಮಗಳ ತಲೆಬರಹ ಅವರ ಕೈಯಲ್ಲಿತ್ತು. ನನಗೆ ಸಿಟ್ಟು ನೆತ್ತಿಗೇರಿದರೂ ಕೈ ಮಾತ್ರ ಎಂದಿನಂತೆ ಮೆತ್ತಗೆ ಆಡಬೇಕಿತ್ತು. ತೊಳೆದು, ಒರೆಸಿ, ಬಾಚಿ ಕಳಿಸಿದೆ. ಒಪ್ಪುವುದಿಲ್ಲ ಎಂದೂ ಹೇಳಿ ಕಳಿಸಿದೆ.

ತಾಯಿತಂದೆಯ ಸಹಿ ಇಲ್ಲದೆ ಮಗುವನ್ನು ತೆಗೆಯುವಂತಿಲ್ಲ ಎಂಬುದು ತಮ್ಮದೇ ನಿಯಮ. ಆದ್ದರಿಂದ ಸಹಿ ಹಾಕದೆ ಇದ್ದರೆ ಸಾಕು ಎಂದು ನಾನು ನಂಬಿದೆ. ಶಾಲೆ ಸಹಿಗೆ ಕಾಯದೆ ಅವಳ ಹೆಸರನ್ನು ತರಗತಿಯ ಪಟ್ಟಿಯಿಂದ ಕೈಬಿಟ್ಟಿತು. ಆದರೂ ಚಿಕ್ಕವಳು ದಿನವೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಗಣಿತದ ಮೇಷ್ಟ್ರು ಎಬ್ಬಿಸಲಿಲ್ಲ. ಅವರನ್ನು ಮಕ್ಕಳು ಸೊನ್ನೆ ಮೇಷ್ಟ್ರು ಎನ್ನುತ್ತಾರೆ; ಯಾರಿಗೆ ಅರ್ಥವಾಗದಿದ್ದರೂ ಬೈಯದೆ, “ಸರಿ, ಸೊನ್ನೆಯಿಂದ ಶುರು ಮಾಡೋಣ,” ಎನ್ನುವ ಚಿಕ್ಕ ವಯಸ್ಸಿನ ಮನುಷ್ಯ. ಕೆಲಸ ಗುತ್ತಿಗೆಯದು.

ಒಂದು ಸಂಜೆ ಅವರು ಅಂಗಡಿಗೆ ಬಂದರು. ಹೆಗಲ ಚೀಲವನ್ನೂ ತೆಗೆಯದೆ ಕುರ್ಚಿಯಲ್ಲಿ ಕೂತು, ಸ್ವಲ್ಪ ಚಿಕ್ಕದು ಮಾಡಿ ಎಂದರು. ಚೀಲ ತೆಗೆಸಿ, ಬಟ್ಟೆ ಹೊದಿಸಿ, ಕತ್ತರಿ ಹಿಡಿದೆ. ಅರ್ಧ ತಲೆ ಮುಗಿಯಿತು. ಆಮೇಲೆ ಕನ್ನಡಿಯನ್ನೂ ನೋಡದೆ, ಮಡಿಲಿನ ಮೇಲೆ ಬಿದ್ದ ತಮ್ಮದೇ ಕೂದಲನ್ನು ನೋಡುತ್ತ ಹೇಳಿದರು.

“ಅಮ್ಮ, ನೀವು ಸಹಿ ಹಾಕಿಬಿಡಿ.”

ಕತ್ತರಿ ಕೆಳಗಿಟ್ಟೆ. “ನೀವೂನಾ ಮೇಷ್ಟ್ರೆ?”

“ನಂಗೆ ನೋಟಿಸ್ ಕೊಟ್ಟಿದಾರೆ. ಪಟ್ಟಿಯಲ್ಲಿಲ್ಲದ ವಿದ್ಯಾರ್ಥಿನ ಕೂರಿಸ್ಕೊಂಡಿದೀನಿ ಅಂತ. ಫಲಿತಾಂಶ ನೋಡಿ ಗುತ್ತಿಗೆ ಮುಂದುವರಿಸ್ತಾರಂತೆ. ಮನೆಯಲ್ಲಿ ಹೆಂಡತಿಗೆ ದಿನ ತುಂಬ್ತಾ ಬಂದಿದೆ.”

“ನನ್ನ ಮಗಳು ಪಾಸಾಗಲ್ವಾ? ನಿಜ ಹೇಳಿ.”

“ಆಗಬಹುದು. ಆಗದೇನೂ ಇರಬಹುದು. ಇನ್ನೊಂದು ವರ್ಷ ಸಿಕ್ಕಿದ್ರೆ ಖಂಡಿತ ಆಗ್ತಾಳೆ. ಆದ್ರೆ ‘ಆಗಬಹುದು’ ಅಂತ ಬರೆಯೋಕೆ ಮಂಡಳಿಯ ಕಾಗದದಲ್ಲಿ ಜಾಗ ಇಲ್ಲ.”

ಅವರು ಹೋದ ಮೇಲೆ ಒಳಗಿನ ಪರದೆ ಸರಿಯಿತು. ಚಿಕ್ಕವಳು ಟವೆಲ್ಲುಗಳನ್ನು ಮಡಿಸುತ್ತ ಅಲ್ಲೇ ಇದ್ದಳು. ಮಡಿಸಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಮರುದಿನ ನಾನು ಶಾಲೆಗೆ ಹೋದೆ. ದೊಡ್ಡೋನು ತಾನೂ ಬರುತ್ತೇನೆಂದು ಕೆಲಸದ ನೀಲಿ ಅಂಗಿಯಲ್ಲೇ ಹೊರಟ. ಆ ಗೇಟಿನೊಳಗೆ ಕಾಲಿಡುವುದಿಲ್ಲ ಎಂದಿದ್ದವನು.

ಮುಖ್ಯೋಪಾಧ್ಯಾಯಿನಿ ಮಗಳನ್ನು ಕರೆಸಿದರು. ಮೇಜಿನ ಮೇಲೆ ಒಪ್ಪಿಗೆಯ ನಮೂನೆ ಇತ್ತು: ‘ನನ್ನ ಮಗ/ಮಗಳು ಸ್ವಇಚ್ಛೆಯಿಂದ ಉನ್ನತ ಗಣಿತವನ್ನು ಕೈಬಿಡುತ್ತಿದ್ದು’ ಎಂದು ಶುರುವಾಗುವ ಆ ನಮೂನೆಯನ್ನು ತಾವೇ ಬರೆಸಿದ್ದೀರಿ, ನೆನಪಿರಬಹುದು.

“ನೀನೇ ಹೇಳಮ್ಮ. ನಿಂಗೆ ಏನು ಬೇಕು?” ಎಂದರು.

“ನಂಗೆ ಬೇಡ ಮೇಡಂ. ಸಾಮಾನ್ಯ ಗಣಿತ ಸಾಕು,” ಎಂದಳು ಚಿಕ್ಕವಳು. ಉರು ಹೊಡೆದ ಪಾಠ ಒಪ್ಪಿಸಿದ ಹಾಗಿತ್ತು.

ಬಾಗಿಲ ಬಳಿ ನಿಂತಿದ್ದ ದೊಡ್ಡೋನು ಮುಂದೆ ಬಂದ.

“ಬೇಡ ಅನ್ನೋವಾಗ ನೆಲ ಯಾಕೆ ನೋಡ್ತಿದೀಯ?”

ಅವಳು ನಮೂನೆಯನ್ನು ನನ್ನ ಕಡೆಗೆ ಸರಿಸಿದಳು.

“ನಂಗೂ ಬೇಡವಾಗಿತ್ತು. ನಾನು ನೆಲ ನೋಡಿ ಹೇಳಿದ್ನಾ? ಇದೇ ರೂಮಿನಲ್ಲಿ ಮೇಡಂ ಮುಖ ನೋಡಿ ಹೇಳಿದ್ದೆ. ಬೇಡ ಅನ್ನೋರು ಹಾಗೆ ಹೇಳ್ತಾರೆ. ನಿಂಗೆ ಬೇಕು.”

“ಸರ್‌ಗೆ ಮಗು ಆಗೋದಿದೆ,” ಅಂದಳು. ಅಷ್ಟೇ.

ದೊಡ್ಡೋನು ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿದ. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು.

“ನನ್ನನ್ನ ಬಿಟ್ಬಿಡಿ ಅಂತ ಕೇಳ್ಕೊಂಡಾಗ ಬಿಡಲಿಲ್ಲ. ಇವಳು ಇಟ್ಕೊಳ್ಳಿ ಅಂದ್ರೆ ಇಟ್ಕೊಳ್ತಿಲ್ಲ.”

“ನಿನ್ನ ವಿಷಯದಲ್ಲಿ ಆದೇಶ ಪಾಲಿಸಿದೆ ಕಣಪ್ಪ. ಇವಳ ವಿಷಯದಲ್ಲೂ ಆದೇಶ ಪಾಲಿಸ್ತಿದೀನಿ.”

“ಹಾಗಾದ್ರೆ ಇಲ್ಲಿ ಟೀಚರ್ ಯಾರು ಮೇಡಂ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣು ಕೆಂಪಾಗಿತ್ತು. ಅವರ ಮೇಲೆ ನನಗೆ ಈಗ ದ್ವೇಷವಿಲ್ಲ. ಆ ಪ್ರಶ್ನೆ ಕೇಳಬೇಕಾದ ಜಾಗ ಅದಲ್ಲ, ಇದು. ಅದಕ್ಕೇ ಈ ಪತ್ರ.

ಮಗಳು ನನ್ನ ತೋಳು ಹಿಡಿದು, “ಅಮ್ಮ, ಹಾಕಿಬಿಡು,” ಎಂದು ಬೇಡಿಕೊಂಡಳು. ನಾನು ಪೆನ್ನು ತೆಗೆದುಕೊಂಡೆ. ‘ಸ್ವಇಚ್ಛೆಯಿಂದ’ ಎಂಬ ಪದದ ಮೇಲೆ ಅಡ್ಡಗೆರೆ ಎಳೆದು ಸಹಿ ಮಾಡಿದೆ. ಸುಳ್ಳಿಗೆ ಸಹಿ ಹಾಕುವ ಕೆಟ್ಟ ಅಭ್ಯಾಸ ನನಗಿಲ್ಲ. ತಮ್ಮ ಕಚೇರಿಯಿಂದ ಆ ನಮೂನೆ ತಿರುಗಿ ಬಂತು: ‘ತಿದ್ದುಪಡಿ ಮಾಡಿದ ಒಪ್ಪಿಗೆ ಅಸಿಂಧು.’ ಅಂದರೆ ನನ್ನ ಮಗಳು ಈಗ ಉನ್ನತ ಗಣಿತದಲ್ಲೂ ಇಲ್ಲ, ಸಾಮಾನ್ಯ ಗಣಿತದಲ್ಲೂ ಇಲ್ಲ. ಗಣಿತದ ಅವಧಿ ಬಂದಾಗ ಓಣಿಯಂಥ ಹಜಾರದ ಬೆಂಚಿನ ಮೇಲೆ ಕೂರುತ್ತಾಳೆ. ಸೊನ್ನೆ ಮೇಷ್ಟ್ರು ಆ ಅವಧಿಯಲ್ಲಿ ಬಾಗಿಲು ತೆರೆದಿಟ್ಟು, ಗಂಟಲು ಹರಿಯುವಷ್ಟು ಜೋರಾಗಿ ಪಾಠ ಮಾಡುತ್ತಾರಂತೆ. ಚಳಿಗಾಳಿ ಬರುತ್ತದೆಂದು ಒಳಗಿನ ಮಕ್ಕಳು ಗೊಣಗುತ್ತಾರೆ. ಬಾಗಿಲು ಮುಚ್ಚಿ ಎಂದು ಮುಖ್ಯೋಪಾಧ್ಯಾಯಿನಿ ಇಲ್ಲಿಯವರೆಗೆ ಹೇಳಿಲ್ಲ. ಈ ಬಾಗಿಲಿಗಾಗಿ ಅವರಿಬ್ಬರಿಗೂ ಇನ್ನೊಂದು ನೋಟಿಸು ಕಳಿಸುವ ಉಮೇದು ತಮಗೆ ಬಂದರೆ, ಮೊದಲು ನನಗೆ ಕಳಿಸಿ. ಮಗಳು ಅಲ್ಲಿ ಕೂರುವುದು ನಾನು ಕಳಿಸುವುದರಿಂದ.

ಎಲ್ಲ ಮಕ್ಕಳೂ ಉನ್ನತ ಗಣಿತ ಓದಬೇಕೇ? ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತವರಲ್ಲಿ ಅರ್ಧ ಜನ ಓದಲೇಬೇಕು ಎನ್ನುತ್ತಾರೆ, ಇನ್ನರ್ಧ ಜನ ಯಾವ ಪುರುಷಾರ್ಥಕ್ಕೆ ಎನ್ನುತ್ತಾರೆ. ಇಬ್ಬರೂ ತಮ್ಮ ಮಕ್ಕಳನ್ನು ನೆನೆದುಕೊಂಡೇ ಮಾತಾಡುತ್ತಾರೆ. ನನ್ನ ಮನೆಯಲ್ಲಿ ಎರಡೂ ಪಕ್ಷಗಳು ಒಂದೇ ಚಾಪೆಯ ಮೇಲೆ ಮಲಗುತ್ತವೆ, ಆದ್ದರಿಂದ ನನಗೆ ಪಕ್ಷ ವಹಿಸುವ ಸುಖವಿಲ್ಲ. ಎಲ್ಲರಿಗೂ ಕಲಿಸಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಕಲಿಸುವುದು ಬೇರೆ, ಜರಡಿ ಹಿಡಿಯುವುದು ಬೇರೆ. ತಾವು ಮೊದಲು ಗಣಿತವನ್ನು ಜರಡಿ ಮಾಡಿ ಮಕ್ಕಳನ್ನು ಸೋಸಿದಿರಿ. ಈಗ ಶಾಲೆಗಳನ್ನು ಸೋಸುತ್ತಿದ್ದೀರಿ, ಶಾಲೆಗಳು ತಾವೇ ಮುಂದಾಗಿ ಮಕ್ಕಳನ್ನು ಸೋಸುತ್ತಿವೆ. ಕಲಿಸುವ ಕೆಲಸ ಯಾವ ಆದೇಶದಲ್ಲಿದೆ? ಹದಿನೈದು ತುಂಬದ ಹುಡುಗಿಗೆ ‘ನಿನಗೆ ಇದು ದಕ್ಕುವುದಿಲ್ಲ’ ಎಂದು ಹೇಳಿಬಿಡುವಷ್ಟು ಅವಸರ ಯಾರಿಗಿದೆ? ಅವಳು ಗಂಟೆ ಹೊಡೆದ ಮೇಲೆ ಉತ್ತರ ಕಂಡುಕೊಂಡರೆ ಆ ಉತ್ತರ ತಪ್ಪಾಗುತ್ತದೆಯೇ?

ಆ ದಿನ ಶಾಲೆಯಿಂದ ಮೂವರೂ ನಡೆದೇ ಮನೆಗೆ ಬಂದೆವು. ಡಿಪೋದ ಗೋಡೆಯ ಪಕ್ಕ ಬರುವಾಗ ದೊಡ್ಡೋನು ತಂಗಿಗೆ ಹೇಳಿದ: “ನಂಗೂ ಒಂದ್ಸಲ ಅರ್ಥ ಆಗಿತ್ತು ಕಣೆ. ಶುರುವಿನಲ್ಲಿ, ಒಂದೇ ಒಂದು ದಿನ. ಆಮೇಲೆ ನಪಾಸಾದ್ರೆ ಎಲ್ಲಾ ಹೋಯ್ತು ಅಂತ ಅಂದ್ರಲ್ಲ, ಆಗಿಂದ ಬೋರ್ಡ್ ನೋಡಿದ್ರೆ ಬರೀ ಅದೇ ಕಾಣ್ತಿತ್ತು. ಆ ಭಯ ಇಲ್ದೇ ಇದ್ದಿದ್ರೆ ನಾನೂ ಸುಮ್ನೆ ಕೇಳಿಸ್ಕೊಂಡು ಕೂತಿರ್ತಿದ್ದೆ ಅನ್ಸುತ್ತೆ.” ತಂಗಿ ಅವನ ತೋಳಿಗೆ ತೋಳು ಸೇರಿಸಿದಳು. ಹೆತ್ತವಳಾದ ನನಗೆ ಇದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಕಲಿಯಲು ಬಂದು ಕೂತ ಯಾವ ಮಗುವನ್ನೂ ಉನ್ನತ ಗಣಿತದ ಕೋಣೆಯಿಂದ ಎಬ್ಬಿಸುವಂತಿಲ್ಲ ಎಂದು ಆದೇಶ ಮಾಡಿ. ಅಲ್ಲಿ ನಪಾಸಾದದ್ದಕ್ಕೆ ಯಾವ ಮಗುವಿನ ಪ್ರಮಾಣಪತ್ರವನ್ನೂ ತಡೆಯುವಂತಿಲ್ಲ ಎಂದೂ ಅದರಲ್ಲೇ ಸೇರಿಸಿ, ಹಿಂದೆ ತಡೆಹಿಡಿದವರದನ್ನು ಬಿಡುಗಡೆ ಮಾಡಿ; ನನ್ನ ಮಗ ಇನ್ನೂ ಆಂಬ್ಯುಲೆನ್ಸು ಹತ್ತುವ ವಯಸ್ಸಿನಲ್ಲೇ ಇದ್ದಾನೆ. ನಿಧಾನದ ಮಕ್ಕಳಿಗೆ ಪಾಠ ಹೇಳಿದ್ದಕ್ಕೆ ಮೇಷ್ಟ್ರುಗಳ ಅನ್ನಕ್ಕೆ ಕೈ ಹಾಕುವುದನ್ನು ನಿಲ್ಲಿಸಿ. ಇದೆಲ್ಲಕ್ಕೂ ಸಮಿತಿ, ಉಪಸಮಿತಿ, ವರದಿ ಬೇಕಾದೀತು ಎಂದು ನಾನು ಬಲ್ಲೆ. ಆದರೆ ಒಂದು ಹುಡುಗಿಯನ್ನು ಹಜಾರದಿಂದ ಎಬ್ಬಿಸಿ ಒಳಗೆ ಕೂರಿಸಲು ಸಮಿತಿ ಬೇಕಿಲ್ಲ, ತಮ್ಮದೊಂದು ಫೋನು ಸಾಕು.

ಪರೀಕ್ಷೆಯ ನೋಂದಣಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅದರೊಳಗೆ ಮಾಡಿ. ಆಮೇಲೆ ತಾವು ಕೊಡುವುದು ಅವಳಿಗೆ ನ್ಯಾಯವಾಗಬಹುದು, ಗಣಿತವಾಗುವುದಿಲ್ಲ.

ಇಂತಿ,
ತಮ್ಮ ಎರಡೂ ಆದೇಶಗಳ ಫಲಾನುಭವಿ,
ಇಬ್ಬರು ಮಕ್ಕಳ ತಾಯಿ